ಮೂರು ತಿಂಗಳಿಗೆಂದು ಹೋದ ಹುಳುಮನೆ

ಜಂಗಮಕೋಟೆಯ ಚಿಕ್ಕವೆಂಕಟಮ್ಮನ ಹುಳುಮನೆಯನ್ನು ಸರ್ಕಾರ ಮೂರು ತಿಂಗಳಿಗೆಂದು ತೆಗೆದುಕೊಂಡದ್ದು ಐವತ್ತೆಂಟನೇ ಇಸವಿಯಲ್ಲಿ. ರಾಗಿ ಮೂಟೆ ಇಡಲು ಇಡೀ ಊರಿನಲ್ಲಿ ಕಂಡದ್ದು ಅದೊಂದೇ: ರೇಷ್ಮೆಹುಳು ಸಾಕಲೆಂದು ಅವಳೇ ಮಣ್ಣು ತುಳಿದು ಕಟ್ಟಿದ, ಗಾಳಿ ಚೆನ್ನಾಗಿ ಆಡುವ ಉದ್ದನೆಯ ಮನೆ. ದೊಡ್ಡವರ ಖಾಲಿ ಬಿದ್ದ ತೊಟ್ಟಿಮನೆಗಳು ಯಾವ ಅಧಿಕಾರಿಯ ಕಣ್ಣಿಗೂ ಬೀಳಲಿಲ್ಲ; ಅವರ ಕಣ್ಣು ಅಷ್ಟು ಚುರುಕು.

ಗಂಡ ಕೋನಪ್ಪ ಟವಲನ್ನು ಕಂಕುಳಿಗೆ ಸಿಕ್ಕಿಸಿಕೊಂಡು "ಆಗ್ಲಿ ಸ್ವಾಮಿ" ಎಂದುಬಿಟ್ಟ. ಕಾಗದದ ಮೇಲೆ ಸರ್ಕಾರದ ಮೊಹರು ಕಂಡರೆ ಅವನ ನಾಲಿಗೆಗೆ ಬೇರೆ ಮಾತೇ ಬರುತ್ತಿರಲಿಲ್ಲ.

ಮೂಟೆಗಳು ಬಂದವು. ನುಸಿ ಹಿಡಿಯದಿರಲೆಂದು ಗೋಡೆ, ನೆಲ ಎಲ್ಲ ಕಡೆ ಬಿಳಿ ಔಷಧಿ ಪುಡಿ ಎರಚಿದರು. ಐದು ತಿಂಗಳಿಗೆ ಮೂಟೆ ಹೋದವು, ಬೀಗ ಹೋಗಲಿಲ್ಲ. ಕೇಳಲು ಹೋದರೆ ಕಚೇರಿಯ ಗುಮಾಸ್ತ ನರಸಿಂಹಪ್ಪ ತಲೆ ಎತ್ತದೆಯೇ ಹೇಳಿದ: "ಒಳಗೆ ಸರ್ಕಾರದ ಸ್ವತ್ತು ಐತಮ್ಮ."

"ಏನೈತೆ ಸ್ವಾಮಿ?"

"ತಕ್ಕಡಿ."

ಕಿಟಕಿಯಲ್ಲಿ ಇಣುಕಿ ನೋಡಿದ್ದಳು ಅವಳು. ಒಂದು ತಟ್ಟೆ ಕಳಚಿ ಬಿದ್ದ ತಕ್ಕಡಿ. ಅದನ್ನು ಕಾಯುತ್ತ ಹುಳುಮನೆ ಎರಡು ವರ್ಷ ಬೀಗ ಹಾಕಿಕೊಂಡು ನಿಂತಿತು. ಅವಳ ಹೊಲದ ಹಿಪ್ಪುನೇರಳೆ ಸೊಪ್ಪು ಬೇರೆಯವರ ಹುಳುಗಳ ಹೊಟ್ಟೆ ಸೇರಿತು.

ಅಷ್ಟಕ್ಕೇ ಮುಗಿಯಲಿಲ್ಲ. ನರಸಿಂಹಪ್ಪನಿಗೆ ಊರಿನಲ್ಲಿ ಬಿಡಾರ ಬೇಕಾಯಿತು. ಗಂಡ ಹೆಂಡತಿ ವಾಸವಿದ್ದ ಮನೆಯೂ 'ತಾತ್ಕಾಲಿಕವಾಗಿ' ಬೇಕೆಂದು ನೋಟೀಸು ಬಂತು. ಕೋನಪ್ಪ ಪಾತ್ರೆ ತುಂಬಲು ಗೋಣಿಚೀಲ ಹುಡುಕತೊಡಗಿದ. ಅವಳು ಚೀಲ ಕಿತ್ತೆಸೆದು ಚಿಂತಾಮಣಿಯ ಬಸ್ಸು ಹತ್ತಿದಳು.

ಅಲ್ಲಿಯ ವಕೀಲ ಚಲಪತಿ ನೋಟೀಸು ಓದಿ ನಕ್ಕರು. "ಯಜಮಾನ್ರೇ ವಾಸ ಇರೋ ಮನೇನ ಹಿಂಗೆ ತಗೊಳ್ಳೋ ಹಂಗಿಲ್ಲಮ್ಮ. ಹುಳುಮನೇನೂ ಅಷ್ಟೇ, ಜನರ ಕೆಲಸಕ್ಕೆ ಅಂತ ತಗೊಂಡಿದ್ದು, ಆ ಕೆಲಸ ಮುಗಿದ್ಮೇಲೆ ಇದ್ದಂಗೇ ವಾಪಸ್ ಕೊಡ್ಬೇಕು. ಕಾನೂನಲ್ಲೇ ಐತೆ."

"ಅವ್ರಿಗೆ ಗೊತ್ತಿಲ್ವಾ?"

"ಗೊತ್ತು. ನಿಮಗೆ ಗೊತ್ತಿಲ್ಲ ಅಂತಾನೂ ಗೊತ್ತು."

ವರ್ಷದ ಕಂದಾಯದ ಲೆಕ್ಕ ನೋಡುವ ಜಮಾಬಂದಿಗೆ ಮೇಲಿನ ಸಾಹೇಬರು ಊರಿಗೆ ಬಂದ ದಿನ ಅವಳು ಜನರ ನಡುವೆ ನಿಂತು, ವಕೀಲರು ಬರೆದುಕೊಟ್ಟ ಅರ್ಜಿ ಮುಂದಿಟ್ಟಳು.

"ಆ ಮುರುಕು ತಕ್ಕಡಿ ಯಾವ ಜನರ ಕೆಲ್ಸ ಮಾಡ್ತೈತೆ ಸ್ವಾಮಿ? ಹೇಳಿ, ನಾನೂ ಹೋಗಿ ಕೈ ಮುಗೀತೀನಿ."

ಜನ ಗೊಳ್ಳೆಂದರು. ಸಾಹೇಬರು ನರಸಿಂಹಪ್ಪನತ್ತ ತಿರುಗಿದರು. ಅವನು ಉತ್ತರವಿಲ್ಲದ ಕಡತದಲ್ಲಿ ಉತ್ತರ ಹುಡುಕುತ್ತ ಹಾಳೆ ಮಗುಚಿದ. ಸಂಜೆಗೆ ಬೀಗ ತೆರೆಯಿತು, ನೋಟೀಸು ರದ್ದಾಯಿತು. ಇಬ್ಬರು ಜವಾನರು ತಕ್ಕಡಿಯನ್ನು ಉತ್ಸವಮೂರ್ತಿಯ ಹಾಗೆ ಹೊತ್ತು ಜೀಪಿಗೇರಿಸಿದರು.

ಮನೆ ಮಾತ್ರ ಇದ್ದ ಹಾಗೆ ಬರಲಿಲ್ಲ. ಗೋಡೆಗೆ ಇಂಗಿದ ಔಷಧಿ ತೊಳೆದರೂ ಹೋಗಲಿಲ್ಲ, ಮೂರು ಸಲ ಸುಣ್ಣ ಬಳಿದರೂ ಹೋಗಲಿಲ್ಲ. ಹೊಸದಾಗಿ ಇಟ್ಟ ಹುಳುಗಳು ಎರಡನೇ ಜ್ವರಕ್ಕೇ, ಅಂದರೆ ಎರಡನೇ ಸಲ ಪೊರೆ ಬಿಡುವಷ್ಟರಲ್ಲೇ, ಹಸಿರು ಕಕ್ಕಿ ಒದ್ದಾಡಿ ಸತ್ತವು. ಅವಳು ಕಚೇರಿಗೆ ಬರೆಸಿದ ದೂರಿಗೆ ಉತ್ತರ ಬಂತು: ಗೋಡೆ, ಸೂರು, ಬಾಗಿಲು ಸುಸ್ಥಿತಿಯಲ್ಲಿವೆ.

"ಸೂರಿಗೆ ಸೊಪ್ಪು ತಿನ್ನಿಸ್ಲಾ?" ಎಂದು ಅವಳು ಆ ಕಾಗದವನ್ನು ಒಲೆಗೆ ಹಾಕಿದಳು.

ಮರುದಿನವೇ ಹುಳುತಟ್ಟೆಗಳನ್ನು ವಾಸದ ಮನೆಯ ಪಡಸಾಲೆಗೆ ಸಾಗಿಸಿ, ಗಂಡನ ಹಾಸಿಗೆಯನ್ನು ಹುಳುಮನೆಗೆ ಎಸೆದಳು. ಕೋನಪ್ಪ ಸೀನುತ್ತ ಅಲ್ಲೇ ಮಲಗತೊಡಗಿದ. ಆ ಬೇಸಿಗೆಯಲ್ಲಿ ಹೊಸ ಹುಳುಗಳು ಪಡಸಾಲೆ ತುಂಬ ಗೂಡು ಕಟ್ಟಿದವು. ಚಿಕ್ಕವೆಂಕಟಮ್ಮ ತಾನೇ ಗಾಡಿಯ ಮೇಲೆ ಕುಳಿತು ಶಿಡ್ಲಘಟ್ಟದ ಸಂತೆಗೆ ಗೂಡು ಒಯ್ದಳು.