ಅಜ್ಜಿಯ ಮಣ್ಣಿನ ಚೂರು, ಪಪ್ಪನ ಚುಕ್ಕಿಗೆರೆ

ಮೊನ್ನೆ ಹೊಸ ಹೂಕುಂಡವೊಂದನ್ನು ನೀರಿನಲ್ಲಿ ನೆನೆಹಾಕಿದೆ. ಒಣಗಿದ ಸುಟ್ಟಮಣ್ಣು ಚುಂಯ್ ಎಂದು ನೀರು ಕುಡಿಯಿತು; ಹಿಂದೆಯೇ ಒಂದು ಹಸಿ ವಾಸನೆ ಮೂಗಿಗೆ ಏರಿತು. ಅಲ್ಲೇ ಬಾಲ್ಕನಿಯಲ್ಲಿ ಕುಕ್ಕರಗಾಲಿನಲ್ಲಿ ಕೂತುಬಿಟ್ಟೆ. ನನ್ನ ಅಜ್ಜಿ ಮೂಸುತ್ತಿದ್ದ ವಾಸನೆ ಇದೇ ಇರಬೇಕು. ಇರಬೇಕು ಎನ್ನುತ್ತೇನೆಯೇ ಹೊರತು ಇದೇ ಎಂದು ಆಣೆ ಮಾಡಲಾರೆ. ಏಕೆಂದು ಕೊನೆಗೆ ಹೇಳುತ್ತೇನೆ; ಈಗಲೇ ಹೇಳಲು ನಾಚಿಕೆಯಾಗುತ್ತದೆ. ಅದು ತೊಂಬತ್ತರ ದಶಕ, ಪಪ್ಪ ಕೊಲ್ಲಿ ದೇಶದಲ್ಲಿ ಕೆಲಸಕ್ಕಿದ್ದ ಕಾಲ. ಅಲ್ ರಯ್ಯಾನ್‌ನ ಹಳೆಯ ವಿಲ್ಲಾವೊಂದರ ಹಿಂಭಾಗದ ಎರಡು ಕೋಣೆ ನಮ್ಮ ಮನೆ. ಗೋಡೆಯಲ್ಲಿ ಹಗಲಿರುಳೂ ಗೊರಗುಡುವ ಏಸಿ, ಎಷ್ಟು ಒರೆಸಿದರೂ ಕಿಟಕಿಯ ಸಂದಿಯಿಂದ ಬಂದು ಕೂರುವ ಮರಳುಪುಡಿ, ಮಧ್ಯಾಹ್ನ ನಲ್ಲಿ ತಿರುಗಿಸಿದರೆ ಕೈ ಸುಡುವ ನೀರು. ಆ ಮನೆಗೆ ಮಂಗಳೂರಿನಿಂದ ವಿಸಿಟ್ ವೀಸಾದ ಮೇಲೆ ನನ್ನ ಪಪ್ಪನ ತಾಯಿ ಬಂದಿದ್ದರು. ನನಗೆ ಹತ್ತು ವರ್ಷ. ಯಾರ ಮಾತನ್ನೂ ಒಂದೇ ಸಲಕ್ಕೆ ನಂಬದ ಬುದ್ಧಿ ನನಗೆ ಆಗಿನಿಂದಲೇ ಇತ್ತು. ಮಮ್ಮಿ ನನ್ನನ್ನು ಸಿಐಡಿ ಎಂದೇ ಕರೆಯುತ್ತಿದ್ದರು.

ಅಜ್ಜಿಯ ಮೇಲೂ ನನಗೆ ಅನುಮಾನ ಹುಟ್ಟಿತು. ಮಧ್ಯಾಹ್ನ ಊಟವಾದ ಮೇಲೆ ಅವರು ಕೋಣೆಯ ಬಾಗಿಲು ಎಳೆದುಕೊಳ್ಳುತ್ತಿದ್ದರು. ಪೆಟ್ಟಿಗೆ ತೆರೆಯುವ ಕಿರ್ ಸದ್ದು, ಆಮೇಲೆ ಲೋಟದ ಸದ್ದು, ಆಮೇಲೆ ಬಹಳ ಹೊತ್ತು ಏನೂ ಇಲ್ಲ. ನಾನು ಬಿಡುತ್ತೇನೆಯೇ? ಬಾಗಿಲ ಸಂದಿಗೆ ಕಣ್ಣಿಟ್ಟೆ. ಅಜ್ಜಿ ಕರವಸ್ತ್ರದ ಗಂಟಿನಿಂದ ಅಂಗೈಯಗಲದ ಕೆಂಪು ಚೂರೊಂದನ್ನು ತೆಗೆದು, ಬೆರಳಿನಿಂದ ನೀರು ಚಿಮುಕಿಸಿ, ಮೂಗಿಗೆ ಹಿಡಿದು ಕಣ್ಣು ಮುಚ್ಚಿ ಕೂತಿದ್ದರು. ಒಮ್ಮೆ ನಾಲಿಗೆಯ ತುದಿಯನ್ನೂ ತಾಗಿಸಿದರು. ಅಷ್ಟು ಸುಖದಲ್ಲಿದ್ದ ಅವರ ಮುಖವನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಸುಮ್ಮನೆ ವಾಪಸು ಬರಬಹುದಿತ್ತು. ಸಂಜೆ ಪಪ್ಪ ಆಫೀಸಿನಿಂದ ಬಂದು ಶೂ ಬಿಚ್ಚುವುದರೊಳಗೆ ಚಾಡಿ ಹೇಳಿದೆ: “ಪಪ್ಪಾ, ಅಜ್ಜಿ ಮಣ್ಣು ತಿಂತಾರೆ.”

ಪಪ್ಪ ಆ ಚೂರನ್ನು ಕಿತ್ತುಕೊಳ್ಳಲಿಲ್ಲ, “ಕೊಡಮ್ಮ, ನೋಡುವ” ಎಂದು ಕೇಳಿಯೇ ತೆಗೆದುಕೊಂಡರು. ಟ್ಯೂಬ್‌ಲೈಟಿನ ಕೆಳಗೆ ಹಿಡಿದಾಗ ಅದರ ಮೇಲೆ ಮೂರೆಸಳಿನ ಒಂದು ಹೂ ಕಂಡಿತು. ಹೂವಿನ ಕೆಳಗೆ ಇಂಗ್ಲಿಷ್ ಅಕ್ಷರಗಳು: ಡಿ, ಇ. ಸ್ವಲ್ಪ ಜಾಗ ಬಿಟ್ಟು ಎಸ್, ಎ. ಮುಂದಿನದು ಒಡೆದು ಹೋಗಿತ್ತು. ನಮ್ಮ ಮನೆತನದ ಹೆಸರು ಸಾಲ್ವಿನ್, ಅದೂ ಎಸ್, ಎ ಎಂದೇ ಶುರು. ಮರುದಿನ ಪಪ್ಪ ಅಕ್ಷರಗಳನ್ನೂ ಹೂವನ್ನೂ ಒಂದು ಚೀಟಿಯ ಮೇಲೆ ಬರೆದುಕೊಂಡು ಆಫೀಸಿಗೆ ಹೋದರು. ಅವರು ಅಲ್ಲಿ ಡ್ರಾಫ್ಟ್ಸ್‌ಮನ್. ಇಂಜಿನಿಯರುಗಳು ಹೇಳಿದ್ದನ್ನು ಗೆರೆ ಎಳೆದು ನಕ್ಷೆ ಮಾಡಿಕೊಡುವ ಕೆಲಸ. ಅಲ್ಲಿದ್ದ ಲುಕ್ ಎಂಬ ಫ್ರೆಂಚ್ ಇಂಜಿನಿಯರು ಚೀಟಿ ನೋಡಿ, ಈ ಹೂ ನಮ್ಮ ರಾಜರ ಗುರುತು, ಡಿ, ಇ ಎಂದರೆ ನಮ್ಮಲ್ಲಿ ‘ದ’, ಹೆಸರಿನ ಮುಂದೆ ಅದಿದ್ದರೆ ಸಾಮಾನ್ಯವಾಗಿ ದೊಡ್ಡ ಮನೆತನ ಎಂದರಂತೆ. ಎಂದು, ಎದುರಿನ ಕುರ್ಚಿ ತೋರಿಸಿ ಕೂತುಕೊಳ್ಳಿ ಅಂದರಂತೆ. “ಹನ್ನೊಂದು ವರ್ಷದಲ್ಲಿ ಆ ರೂಮಿನಲ್ಲಿ ನನಗೆ ಯಾರೂ ಕೂತ್ಕೊ ಅನ್ಲಿಲ್ಲ ಮಾರಾಯ್ತಿ” ಎಂದು ಪಪ್ಪ ಮಮ್ಮಿಯ ಹತ್ತಿರ ಹೇಳಿದ್ದು ನನಗೆ ಈಗಲೂ ಕೇಳಿಸುತ್ತದೆ. ಅದು ಅರ್ಥವಾಗುವ ವಯಸ್ಸು ನನಗಿರಲಿಲ್ಲ.

ಆಮೇಲೆ ಶುರುವಾಯಿತು ನೋಡಿ. ವಂಶ ಹುಡುಕಿಕೊಡುವ ಪ್ಯಾರಿಸ್ಸಿನ ಯಾವುದೋ ಕಚೇರಿಗೆ ಪತ್ರ ಹೋಯಿತು; ಅಲ್ಲಿಂದ ಸಿಂಹ ಮತ್ತು ಗುರಾಣಿಯ ಚಿತ್ರವಿದ್ದ ದಪ್ಪ ಕಾಗದ ಬಂತು. ಹನ್ನೆರಡನೆಯ ಶತಮಾನದಲ್ಲಿ ಕುದುರೆ ಏರಿ ಧರ್ಮಯುದ್ಧಕ್ಕೆ ಹೊರಟ ಒಬ್ಬ ಸಾಲ್ವಿನ್ ಪ್ರಭು ಇದ್ದನಂತೆ. ಪಪ್ಪ ಟ್ರೇಸಿಂಗ್ ಪೇಪರ್ ಹಾಸಿ ವಂಶವೃಕ್ಷ ಎಳೆದರು. ಮೇಲೆ ಪ್ರಭು, ಅವನ ಮಗ, ಮೊಮ್ಮಗ. ಕೆಳಗೆ ಮುತ್ತಜ್ಜ, ಅಜ್ಜ, ಪಪ್ಪ, ಕಟ್ಟಕಡೆಗೆ ಪುಟ್ಟ ಅಕ್ಷರದಲ್ಲಿ ನಾನು. ನಡುವೆ ಆರುನೂರು ವರ್ಷ ಯಾರೂ ಇರಲಿಲ್ಲ. ಅಲ್ಲೊಂದು ಉದ್ದನೆಯ ಚುಕ್ಕಿಗೆರೆ. “ಇಲ್ಲಿ ಯಾರೂ ಇಲ್ವಲ್ಲ ಪಪ್ಪಾ?” ಎಂದೆ. ಪಪ್ಪ ನಕ್ಕು, “ಡ್ರಾಯಿಂಗಿನಲ್ಲಿ ಚುಕ್ಕಿಗೆರೆ ಅಂದ್ರೆ ಇಲ್ಲ ಅಂತ ಅಲ್ಲ ಮಗಾ. ಉಂಟು, ಎದುರಿಂದ ಕಾಣುವುದಿಲ್ಲ ಅಂತ” ಎಂದರು. ನನಗೆ ಸಮಾಧಾನವಾಗಲಿಲ್ಲ. ಇನ್ನೂ ಒಂದು ಸಂಗತಿ ಕೊರೆಯುತ್ತಿತ್ತು. ಅಜ್ಜಿ ಹುಟ್ಟಿನಿಂದ ಸಾಲ್ವಿನ್ ಅಲ್ಲ, ಮದುವೆಯಾಗಿ ಬಂದವರು. ಆ ಚೂರು ತನ್ನ ಅಪ್ಪ ಕೊಟ್ಟದ್ದು ಎಂದು ಅವರೇ ನನಗೆ ಹೇಳಿದ್ದರು. ಹಾಗಾದರೆ ಅದು ಸಾಲ್ವಿನ್ ಪ್ರಭುವಿನದು ಹೇಗಾಗುತ್ತದೆ? ಅಜ್ಜಿ ಪಪ್ಪನಿಗೂ ಹೇಳಲು ಬಾಯಿ ತೆರೆಯುತ್ತಿದ್ದರು: “ಅದು ಕಾರ್ಖಾನೆದ್ದು ಮಗಾ, ನಾನು ಸಣ್ಣವಳಿರುವಾಗ...” ಅಷ್ಟರಲ್ಲಿ ಪಪ್ಪ ಎದ್ದು ಹೋಗುತ್ತಿದ್ದರು. ತಾಯಿಯ ಮಾತು ಮುಗಿಯುವುದು ಅವರಿಗೆ ಬೇಡವಾಗಿತ್ತು ಎಂದು ನನಗೆ ಬಲವಾದ ಅನುಮಾನ.

ಚೂರು ಇಂಡಸ್ಟ್ರಿಯಲ್ ಏರಿಯಾದ ಒಬ್ಬ ಮಲಯಾಳಿ ಬಡಗಿಯ ಕೈ ಸೇರಿತು. ಮರದ ಚೌಕಟ್ಟು, ಹಸಿರು ಮಖಮಲ್ಲು, ಮುಂದೆ ಗಾಜು. ಹೊಳಪು ಬರಲಿ ಎಂದು ಆತ ಅದಕ್ಕೆ ಹಿಂದೆ ಮುಂದೆ ವಾರ್ನಿಶ್ ಬಳಿದುಕೊಟ್ಟಿದ್ದ. ಹಾಲ್‌ನ ಗೋಡೆಗೆ ಅದು ಏರಿತು. ಅಲ್ಲಿ ವಾರದ ರಜೆ ಶುಕ್ರವಾರ; ಆ ದಿನದ ಪ್ರಾರ್ಥನೆಗೆ ನಮ್ಮ ಮನೆಗೆ ಬರುತ್ತಿದ್ದ ನಾಲ್ಕಾರು ಕ್ರೈಸ್ತ ಕುಟುಂಬದವರು ಪಪ್ಪನ ಎದುರು ಹೌದಾ ಹೌದಾ ಎಂದು ಬೆರಗಾಗಿ, ಮೆಟ್ಟಿಲ ಹತ್ತಿರ ಚಪ್ಪಲಿ ಹಾಕಿಕೊಳ್ಳುವಾಗ ಮುಸಿಮುಸಿ ನಗುವುದನ್ನು ನಾನು ಕಂಡಿದ್ದೆ. ಅಜ್ಜಿ ಮಾತ್ರ ಮಧ್ಯಾಹ್ನ ಗಾಜಿನ ಮುಂದೆ ನಿಲ್ಲುತ್ತಿದ್ದರು. “ಒಮ್ಮೆ ತೆಗೆದುಕೊಡು ಮಗಾ, ಮೂಸಿ ವಾಪಸು ಕೊಡ್ತೇನೆ. ಇಲ್ಲಿ ಮಳೆಯೂ ಇಲ್ಲ, ಎಂತದೂ ಇಲ್ಲ” ಎಂದು ಕೇಳಿದರು. “ಅದು ಮೂಸುವ ವಸ್ತು ಅಲ್ಲಮ್ಮ” ಎಂದರು ಪಪ್ಪ. ಅಜ್ಜಿ ನನ್ನ ಕಡೆ ಒಮ್ಮೆ ನೋಡಿದರು. ಬಾಗಿಲ ಸಂದಿಯ ಕಣ್ಣು ಯಾರದೆಂದು ಅವರಿಗೆ ಗೊತ್ತಿತ್ತು. ಆದರೂ ಬೈಯಲಿಲ್ಲ.

ಕೊನೆಗೆ ಒಂದು ಶುಕ್ರವಾರ ಲುಕ್ ಸಾಹೇಬರು ನಮ್ಮಲ್ಲಿಗೆ ಊಟಕ್ಕೆ ಬಂದರು. ಮಮ್ಮಿ ಬೆಳಗ್ಗಿನಿಂದ ಕೋಳಿಸಾರು, ರೊಟ್ಟಿ ಎಂದು ಒದ್ದಾಡಿದ್ದರು. ಪಪ್ಪ ಟೈ ಕಟ್ಟಿದ್ದರು, ಮನೆಯೊಳಗೆ ಟೈ! ಸಾಹೇಬರು ಚೌಕಟ್ಟಿನ ಹತ್ತಿರ ಹೋದರು, ಬಗ್ಗಿದರು, ಕನ್ನಡಕ ಏರಿಸಿದರು. ಆಮೇಲೆ ಮುಖವೆಲ್ಲ ಅರಳಿ ಗಟ್ಟಿಯಾಗಿ ನಕ್ಕರು. ಅದರಲ್ಲಿ ಹೀಯಾಳಿಕೆ ಇರಲಿಲ್ಲ, ಊರಿನವರು ಯಾರೋ ಎದುರಾದಾಗಿನ ನಗು ಅದು. ಎಸ್, ಎ ಎಂದರೆ ಸಂತ ಎಂಬರ್ಥದ ಸೇಂಟ್ ಪದದ ಮೊದಲೆರಡು ಅಕ್ಷರ, ತಮ್ಮ ಕಡೆಯ ಊರಿನ ಹೆಸರು ಶುರುವಾಗುವುದು ಹಾಗೆ; ‘ದ’ ಎಂದರೆ ಇಲ್ಲಿ ಆ ಊರಿನದು ಎಂದಷ್ಟೇ. ತಮ್ಮಜ್ಜಿಯ ಮನೆಯ ಮಾಡಿನ ತುಂಬ ಇದೇ ಗುರುತಿದೆ. ಇದು ಟೈಲ್, ಮಾಡಿಗೆ ಹೊದಿಸುವ ಹಂಚು ಎಂದರು. ಪಪ್ಪನ ಮುಖ ನೋಡಲಾಗಲಿಲ್ಲ. ಅಷ್ಟರಲ್ಲಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅಜ್ಜಿ ಸೆರಗು ಸರಿಮಾಡಿಕೊಂಡು ಮುಂದೆ ಬಂದರು. ಅಷ್ಟು ಇಂಗ್ಲಿಷಿನಲ್ಲಿ ಅವರಿಗೆ ತಿಳಿದ ಪದ ಅದೊಂದೇ. “ಟೈಲ್! ಹಾಂ, ಟೈಲ್! ನನ್ನಪ್ಪ ಟೈಲ್ ಫ್ಯಾಕ್ಟರಿ! ನಾನೂ ಟೈಲ್ ಹೊತ್ತವಳು!” ಎಂದು ತಲೆಯ ಮೇಲೆ ಎರಡೂ ಕೈ ಇಟ್ಟು ತೋರಿಸಿದರು. ಮಾದರಿಗೆಂದು ಫ್ರಾನ್ಸಿನಿಂದ ತರಿಸಿದ್ದ ಹಂಚು ಒಡೆದಾಗ ಕಾರ್ಖಾನೆಯವರು ಬಿಸಾಡಿದರು, ಅಪ್ಪ ಹೂವಿದ್ದ ಚೂರನ್ನು ನನಗೆಂದು ಎತ್ತಿಕೊಂಡು ಬಂದ ಎಂದು ಒಂದೇ ಉಸಿರಿಗೆ ಹೇಳಿದರು. ಸಾಹೇಬರಿಗೆ ಕನ್ನಡ ತಿಳಿಯದು, ಆದರೂ ಎರಡೂ ಕೈಯಲ್ಲಿ ಅಜ್ಜಿಯ ಕೈ ಹಿಡಿದುಕೊಂಡರು. ಹಂಚಿಗೆ ಹೆಸರಾದ ಮಂಗಳೂರಿನಲ್ಲೇ ಹುಟ್ಟಿ ಬೆಳೆದ ನನ್ನ ಪಪ್ಪ ಹಂಚನ್ನು ಗುರುತಿಸಲಿಲ್ಲವೇ? ಈ ಅನುಮಾನ ನನಗೆ ಇಂದಿಗೂ ಬಗೆಹರಿದಿಲ್ಲ.

ಸಾಹೇಬರು ಹೋದ ಮೇಲೆ ಪಪ್ಪ ಚೌಕಟ್ಟನ್ನು ಇಳಿಸಿ ಕಪಾಟಿನ ಮೇಲೆ ಗೋಡೆಗೆ ಮುಖಮಾಡಿ ಇಟ್ಟರು. ಖಲಾಸ್, ಇನ್ನು ಆ ಮಾತು ಬೇಡ ಎಂದರು. ವೀಸಾ ಮುಗಿದು ಅಜ್ಜಿ ಹೊರಡುವ ದಿನ ಏರ್‌ಪೋರ್ಟಿನಲ್ಲಿ ಮೆಲ್ಲಗೆ, “ಅದು... ಕೊಡ್ತೀಯಾ?” ಎಂದರು. “ಕಳಿಸ್ತೇನೆ ಅಮ್ಮ” ಎಂದರು ಪಪ್ಪ. ಕಳಿಸಲಿಲ್ಲ. ದುರುದ್ದೇಶವಿರಲಿಲ್ಲ; ಅದನ್ನು ಮುಟ್ಟಲು ಅವರಿಗೆ ಮುಖವಿರಲಿಲ್ಲ, ಅಷ್ಟೆ. ಆರೇ ತಿಂಗಳಿಗೆ ಮಂಗಳೂರಿನಿಂದ ಫೋನ್ ಬಂತು. ಪಾಸ್‌ಪೋರ್ಟು ಕಂಪನಿಯವರ ಬಳಿ, ದೇಶ ಬಿಡಲು ಅವರೇ ಕೊಡಿಸಬೇಕಾದ ಎಕ್ಸಿಟ್ ಪರ್ಮಿಟ್ ಪಪ್ಪನ ಕೈಗೆ ಸಿಗುವಷ್ಟರಲ್ಲಿ ಅಲ್ಲಿ ಅಜ್ಜಿಯನ್ನು ಮಣ್ಣು ಮಾಡಿ ಆಗಿತ್ತು.

ಮಣ್ಣು ಮಾಡಿದ ಸುದ್ದಿ ತಿಳಿದ ಮಧ್ಯಾಹ್ನ ಪಪ್ಪ ಕಪಾಟಿನ ಮೇಲಿಂದ ಚೌಕಟ್ಟು ಇಳಿಸಿ, ಗಾಜು ತೆಗೆದು, ಚೂರನ್ನು ಅಡುಗೆಮನೆಯ ಸಿಂಕಿನಲ್ಲಿ ಹಿಡಿದರು. ನೀರು ಇಂಗಲೇ ಇಲ್ಲ. ವಾರ್ನಿಶಿನ ಮೇಲೆ ಹನಿಹನಿಯಾಗಿ ಜಾರಿಹೋಯಿತು. ಪಪ್ಪ ಚಾಕು ತೆಗೆದುಕೊಂಡು ಕೆರೆಯತೊಡಗಿದರು. ನಕ್ಷೆಯಲ್ಲಿ ಕೂದಲೆಳೆ ತಪ್ಪದ ಆ ಕೈ ಅಡ್ಡಾದಿಡ್ಡಿ ಗೀಚುತ್ತಿತ್ತು. ಹೆಬ್ಬೆರಳಿನಷ್ಟು ಜಾಗದಲ್ಲಿ ಕೆಂಪು ಮಣ್ಣು ಕಂಡಿತು. ನೀರು ಬಿಟ್ಟು, ಮೂಸಿ, ನನ್ನ ಮೂಗಿಗೆ ಹಿಡಿದರು. “ನೀನು ನೋಡಿದ್ದೀಯಲ್ಲ ಮಗಾ. ಹೇಳು, ಇದೇ ವಾಸನೆಯಾ?” ನನಗೆ ಬಂದದ್ದು ವಾರ್ನಿಶಿನ ಘಾಟು ಮಾತ್ರ. ಅಜ್ಜಿಯ ಚೂರನ್ನು ನಾನು ಸಂದಿಯಿಂದ ನೋಡಿದ್ದೆ, ಮೂಸಿರಲಿಲ್ಲ. ಬಾಗಿಲು ತಳ್ಳಿ ಒಳಗೆ ಹೋಗಿದ್ದರೆ ಅಜ್ಜಿಯೇ ಮೂಸಲು ಕೊಡುತ್ತಿದ್ದರು. “ಹೌದು ಪಪ್ಪಾ, ಇದೇ” ಎಂದೆ. ಅವರು ನಂಬಿದರು.

ಈಗ ಪಪ್ಪನೂ ಇಲ್ಲ. ಟ್ರೇಸಿಂಗ್ ಪೇಪರ್ ಹಳದಿಯಾಗಿ ಮಡಿಕೆ ಮಡಿಕೆಗೂ ಹರಿದಿದೆ. ಅದರಲ್ಲಿ ಅಜ್ಜಿಯ ಹೆಸರು ಎಲ್ಲೂ ಇಲ್ಲ. ಚೂರು ನನ್ನ ಹತ್ತಿರ ಇದೆ. ಮೊನ್ನೆ ಹೂಕುಂಡ ನೆನೆಹಾಕಿದ ಮೇಲೆ ಅದನ್ನೂ ತಂದು, ಪಪ್ಪ ಕೆರೆದ ಜಾಗಕ್ಕೆ ಒಂದು ಹನಿ ನೀರು ಬಿಟ್ಟೆ. ಅಷ್ಟು ಜಾಗ ಮಾತ್ರ ಕುಡಿಯಿತು.