ಚಂದ್ರವ್ವ ಬೋರಲು ಹಾಕಿದ ಕಪ್

ವಡಾಲ ಸ್ಟೇಷನ್ನಿನಿಂದ ಬಂದರಿನ ಗೋದಾಮುಗಳ ಕಡೆ ಹೋಗುವ ದಾರಿಯಲ್ಲಿ ಆ ಚಾಳು ಇತ್ತು. ಅಲ್ಲಿದ್ದವರು ಹೆಚ್ಚಾಗಿ ವಿಜಾಪುರದ ಕಡೆಯಿಂದ ಬಂದ ಹಮಾಲರು. ಎಲ್ಲರಿಗಿಂತ ಮೊದಲು ಬಂದು, ಕೆಸರಿಗೆ ಮಣ್ಣು ತುಂಬಿ, ನಲ್ಲಿ ತಂದವರು ಐದು ಮನೆಯವರು. ಹಾಗಾಗಿ ಖೋಲಿ ಖಾಲಿಯಾದಾಗ ಯಾರಿಗೆ ಕೊಡಬೇಕೆಂದು ಮಾಲೀಕ ಆ ಐದು ಮನೆಯವರನ್ನೇ ಕೇಳುತ್ತಿದ್ದ. ಭಾನುವಾರ ಬೆಳಿಗ್ಗೆ ಖೋಲಿ ಕೇಳಿದವರ ಕಡೆಯಿಂದ ನಲ್ಲಿಯ ಕಟ್ಟೆಗೆ ಐದು ಕಪ್ ಚಹಾ ಬರುತ್ತಿತ್ತು. ಕುಡಿದರೆ ಒಪ್ಪಿಗೆ. ಐವರಲ್ಲಿ ಒಬ್ಬರು ಚಹಾ ಚೆಲ್ಲಿ ಕಪ್ಪನ್ನು ಬಸಿಯ ಮೇಲೆ ಬೋರಲು ಹಾಕಿದರೂ ಮಾತು ಅಲ್ಲಿಗೆ ಮುಗಿಯಿತು. ಯಾಕೆ ಎಂದು ಯಾರೂ ಕೇಳುವಂತಿರಲಿಲ್ಲ.

೧೯೬೬ರ ಬೇಸಿಗೆಯಲ್ಲಿ ಚಂದ್ರವ್ವನ ತಂಗಿ ಸೋಮವ್ವ ಗಂಡನನ್ನು ಕಳೆದುಕೊಂಡು ಊರಿನಿಂದ ಬಂದಳು. ಹನ್ನೊಂದನೆಯ ಖೋಲಿ ಖಾಲಿ ಇತ್ತು. ಚಂದ್ರವ್ವನ ಒಂದೇ ಖೋಲಿಯಲ್ಲಿ ಆಗಲೇ ಏಳು ಜನ ಮಲಗುತ್ತಿದ್ದರು. ಅವಳ ಗಂಡ ರಾಮಪ್ಪ ಐವರಲ್ಲಿ ಒಬ್ಬ. ಆ ಭಾನುವಾರ ಅವನು ಕಟ್ಟೆಯಿಂದ ತಲೆ ತಗ್ಗಿಸಿಕೊಂಡು ಬಂದ.

"ಭೀಮರಾಯ ಕಪ್ ಡಬ್ಬ ಹಾಕಿದ."

"ಯಾಕಂತ?"

"ಕೇಳಂಗಿಲ್ಲಲ್ಲ."

ಭೀಮರಾಯ ಹಮಾಲರ ಮುಕಾದಮ, ಐವರಲ್ಲಿ ಇನ್ನೊಬ್ಬ. ಸೋಮವ್ವ ಅವನಿಗೆ ಏನು ಮಾಡಿದ್ದಳೆಂದು ಚಂದ್ರವ್ವ ಎಷ್ಟು ಯೋಚಿಸಿದರೂ ಹೊಳೆಯಲಿಲ್ಲ. ಸೋಮವ್ವ ಉಪ್ಪಿನಾಗರದ ಅಂಚಿನಲ್ಲಿ ತಗಡಿನ ಗುಡಿಸಲು ಹಾಕಿಕೊಂಡಳು. ಜುಲೈ ಮಳೆಗೆ ಗುಡಿಸಲೊಳಗೆ ಮೊಣಕಾಲುದ್ದ ನೀರು. ಜ್ವರ ಬಂದ ಐದನೆಯ ದಿನ ಅವಳು ಹೋದಳು. ಅವಳ ಸೀರೆಗಳನ್ನು ಎಷ್ಟು ಒಗೆದರೂ ಉಪ್ಪಿನ ಬಿಳಿ ಗೆರೆ ಹೋಗಲಿಲ್ಲ. ಚಂದ್ರವ್ವ ಅವನ್ನು ಹರಿದು ಕೌದಿ ಹೊಲಿದಳು. ಗೆರೆಯಿದ್ದ ಭಾಗವನ್ನು ಒಳಗೆ ಮುಚ್ಚದೆ ಮೇಲೆಯೇ ಬರುವಂತೆ ಹೊಲಿದಳು.

ಅವಳದು ಗೋದಾಮಿನಲ್ಲಿ ಹರಿದ ಚೀಲ ಹೊಲಿಯುವ ಕೆಲಸ. ಡಬ್ಬಣ ಗೋಣಿಗೆ ಇಳಿಯುವಾಗ ಒಂದು ಪ್ರಶ್ನೆ, ಮೇಲೆ ಬರುವಾಗ ಒಂದು ಉತ್ತರ. ಒಂದಲ್ಲ ಒಂದು ದಿನ ಭೀಮರಾಯ ತನ್ನ ಮುಂದೆ ನಿಂತು "ಯಾಕ?" ಎಂದು ಕೇಳಬೇಕು. ಆಗ ತಾನು "ಸೋಮವ್ವ" ಎನ್ನಬೇಕು, ಅಷ್ಟೇ. ಈ ಒಂದು ಮಾತನ್ನು ಅವಳು ಐದು ವರ್ಷ ಮಸೆದಳು.

೧೯೭೧ರ ಅಕ್ಟೋಬರಿನಲ್ಲಿ ಬಂದರಿನಲ್ಲಿ ಹೊರೆ ಬಿದ್ದು ರಾಮಪ್ಪ ತೀರಿಕೊಂಡ. ಐವರಲ್ಲಿ ಹೆಂಗಸರು ಎಂದೂ ಕೂತಿರಲಿಲ್ಲ. ಆದರೂ "ರಾಮಪ್ಪನ ಕಪ್ ಅಕಿಗೇ ಇರ್ಲಿ" ಎಂದವನು ಭೀಮರಾಯನೇ. ಹೆಂಗಸು ಹೇಗೂ ಚಹಾ ಕುಡಿದು ಎದ್ದುಹೋಗುತ್ತಾಳೆ ಎಂದುಕೊಂಡಿರಬೇಕು.

ಡಿಸೆಂಬರಿನಲ್ಲಿ ಪಾಕಿಸ್ತಾನದ ಜೊತೆ ಯುದ್ಧ ಬಂತು. ಬ್ಲ್ಯಾಕ್‌ಔಟಿನ ಸಲುವಾಗಿ ಚಂದ್ರವ್ವ ಕಿಟಕಿಯ ಗಾಜಿಗೆ ಕರಿ ಕಾಗದ ಅಂಟಿಸುತ್ತಿದ್ದಳು. ಪಕ್ಕದ ಪಡಸಾಲೆಯಲ್ಲಿ ಗೋದಾಮಿನ ವಾಚ್‌ಮನ್ ಅಣವೀರಪ್ಪ ಎರಡು ದಿನದ ಹಿಂದಿನ ಹುಬ್ಬಳ್ಳಿಯ ಪೇಪರು ಓದಿ ಹೇಳುತ್ತಿದ್ದ.

"ಭದ್ರತಾ ಮಂಡಳಿಯಾಗ ಹನ್ನೊಂದು ದೇಶ ಯುದ್ಧ ನಿಲ್ಲಸ್ರಿ ಅಂದ್ವು. ರಷ್ಯಾ ನಮ್ಮ ಕಡಿ ನಿಂತು ಬ್ಯಾಡ ಅಂತು. ಮುಗೀತು."

"ಒಬ್ಬರ ಮಾತಿಗೇ?" ಚಂದ್ರವ್ವ ಕೇಳಿದಳು.

"ಐದು ದೊಡ್ಡ ದೇಶಕ್ಕಷ್ಟ ಆ ಹಕ್ಕ ಐತಿ. ವೀಟೊ ಅಂತಾರ. ನಮ್ಮ ಐದು ಮನಿ ಇದ್ದಂಗ ತಿಳಕೋವಾ. ಚೀನಾಕ್ಕ ಮೊನ್ನೆ ಅಕ್ಟೋಬರಿನಾಗ ಕುರ್ಚಿ ಸಿಕ್ಕೈತಿ. ನಿನಗ ಸಿಕ್ಕಂಗ."

ಎಲ್ಲರೂ ನಕ್ಕರು. ಭೀಮರಾಯ ಪೇಢೆ ತರಿಸಿ ಹಂಚಿದ. "ಗಂಡಸ್ತನ ಅಂದ್ರ ಇದು. ಕಾರಣ ಗೀರಣ ಏನಿಲ್ಲ. ಒಂದ ಮಾತು, ಬ್ಯಾಡ. ಇಡೀ ಜಗತ್ತು ಗಪ್ಪ."

ಚಂದ್ರವ್ವ ಕಾಗದದ ಅಂಚನ್ನು ಹೆಬ್ಬೆರಳಿನಿಂದ ತಿಕ್ಕಿದಳು. ಬೆಳಕು ತೂರುವಷ್ಟೂ ಸಂದು ಉಳಿಯಲಿಲ್ಲ. ಕೈಗೆ ಬಂದ ಪೇಢೆಯನ್ನು ಅವಳು ತಿನ್ನಲಿಲ್ಲ.

ಮರುವರ್ಷ ಆಗಸ್ಟಿನಲ್ಲಿ ಹನ್ನೊಂದನೆಯ ಖೋಲಿ ಮತ್ತೆ ಖಾಲಿಯಾಯಿತು. ಭೀಮರಾಯನ ಒಬ್ಬಳೇ ಮಗಳು ಚಂಪಾ ಮುಲುಂಡಿನಿಂದ ಬಂದಳು. ಗಂಡ ದುಡಿಯುತ್ತಿದ್ದ ಕಾರ್ಖಾನೆ ಮುಚ್ಚಿತ್ತು, ಅವಳಿಗೆ ಏಳು ತಿಂಗಳು ತುಂಬಿತ್ತು, ಇಬ್ಬರಿಗೂ ಇರಲು ಆ ಖೋಲಿ ಬೇಕಿತ್ತು. ತಾಯಿ ಇಲ್ಲದ ಹುಡುಗಿ, ಚಿಕ್ಕವಳಿದ್ದಾಗ ಚಂದ್ರವ್ವನ ಡಬ್ಬಣಕ್ಕೆ ಸುತಳಿ ಪೋಣಿಸಿಕೊಡುತ್ತಿದ್ದಳು.

"ಕಾಕೂ, ನಾಳೆ ನಿಮ್ಮ ಕಪ್ ಐತಲ್ಲ. ಸಕ್ಕರಿ ನಾನ ಜಾಸ್ತಿ ಹಾಕಿ ಕಳಸ್ತೀನಿ" ಎಂದು ನಕ್ಕಳು. ಚಂದ್ರವ್ವ ಅವಳ ಹೊಟ್ಟೆಯನ್ನು ನೋಡಿದಳು. ಬೇರೆ ಕಡೆ ನೋಡಿದಳು. "ಕುತ್ಕೋ, ನಿಂತ್ರ ಕಾಲು ಬಾತ್ಕೋತಾವ" ಎಂದಳು.

ಭಾನುವಾರ ಐವರೂ ಕೂತರು. ಚಾಳಿನ ಮಂದಿ ಸುತ್ತ ನಿಂತರು. ಅಣವೀರಪ್ಪ ರೇಡಿಯೋ ಕೇಳಿ ಬಂದಿದ್ದ. ಬಂಗ್ಲಾದೇಶವನ್ನು ವಿಶ್ವಸಂಸ್ಥೆಗೆ ಸೇರಿಸುವುದು ಬೇಡವೆಂದು ಚೀನಾ ತನ್ನ ಮೊದಲ ವೀಟೊ ಹಾಕಿತ್ತು. ಭೀಮರಾಯನ ಮುಖ ಕೆಂಪಾಯಿತು.

"ಏಳು ಕೋಟಿ ಮಂದಿ ಬಾಗಿಲಾಗ ನಿಂತಾರ. ಒಳಗ ಕುಂತ ಒಬ್ಬಾಂವ ಬ್ಯಾಡ ಅಂತಾನಂದ್ರ, ಇದ್ಯಾವ ನ್ಯಾಯ?"

"ರಷ್ಯಾ ಬ್ಯಾಡ ಅಂದಾಗ ಪೇಢೆ ಹಂಚಿದ್ರಿ, ಮುಕಾದಮರ."

"ಅದು ಬ್ಯಾರೆ."

"ಹಕ್ಕ ಅದೇ ಐತ್ರಿ" ಎಂದು ಅಣವೀರಪ್ಪ ಮೀಸೆಯಲ್ಲೇ ನಕ್ಕ.

ಚಹಾ ಬಂತು. ನಾಲ್ವರು ಕುಡಿದರು. ಚಂದ್ರವ್ವ ಕಪ್ಪನ್ನು ತುಟಿಯ ಹತ್ತಿರ ತಂದಳು. ಸಕ್ಕರೆ ಜಾಸ್ತಿ ಇದ್ದುದು ವಾಸನೆಯಲ್ಲೇ ತಿಳಿಯಿತು. ಗ್ಯಾಲರಿಯಲ್ಲಿ ಚಂಪಾ ಕಟಾಂಜನ ಹಿಡಿದು ನಿಂತಿದ್ದಳು. ಚಂದ್ರವ್ವ ನಿಧಾನವಾಗಿ ಚಹಾ ಚೆಲ್ಲಿ ಕಪ್ಪನ್ನು ಬೋರಲು ಹಾಕಿದಳು. ಚಹಾ ಕಲ್ಲುಗಳ ಸಂದಿಯಲ್ಲಿ ಹರಿದು ಭೀಮರಾಯನ ಚಪ್ಪಲಿಯನ್ನು ಸುತ್ತಿಕೊಂಡು ಮೋರಿಗೆ ಸೇರಿತು.

ಒಬ್ಬೊಬ್ಬರಾಗಿ ಎದ್ದುಹೋದರು. ಅವರಿಬ್ಬರೇ ಉಳಿದರು. ಭೀಮರಾಯ ಚಪ್ಪಲಿಯನ್ನು ನಲ್ಲಿಯ ಕೆಳಗೆ ಹಿಡಿದು ತೊಳೆದ. ಚಂದ್ರವ್ವ ಕಾದಳು. ಆರು ವರ್ಷದ ಮಾತು ನಾಲಗೆಯ ತುದಿಯಲ್ಲಿತ್ತು. ಅವನು ಚಪ್ಪಲಿ ಮೆಟ್ಟಿ ಹೊರಟ.

"ಕೇಳ್ರಿ" ಎಂದಳು ಅವಳು.

ಅವನು ನಿಂತ.

"ಯಾಕಂತ ಕೇಳ್ರಿ, ಭೀಮರಾಯಣ್ಣ."

ಅವನು ತಿರುಗಿ ನೋಡಿದ. ಕಣ್ಣಲ್ಲಿ ನೀರಿತ್ತು, ಆದರೆ ದನಿ ನಡುಗಲಿಲ್ಲ. "ಕೇಳಂಗಿಲ್ಲವ್ವಾ. ಆವಾಗ ನಾನೂ ಹೇಳಿಲ್ಲ, ಈಗ ನೀನೂ ಹೇಳಬ್ಯಾಡ."

ಅಂದರೆ ಇದು ಸೋಮವ್ವನಿಗಾಗಿ ಎಂದು ಅವನಿಗೆ ಗೊತ್ತಿತ್ತು. ಅವನು ಮರೆತಿರಲಿಲ್ಲ. ಅಂದಿನ ಕಾರಣವನ್ನೂ ಮರೆತಿರಲಿಲ್ಲ, ಅದನ್ನು ಅವಳಿಗೆ ಕೊಡುವವನೂ ಅಲ್ಲ. ತಾನು ಹೇಳಬೇಕೆಂದಿದ್ದ ಮಾತಿಗಿಂತ, ಅವನ ಬಾಯಿಂದ ಕೇಳಬೇಕೆಂದಿದ್ದ ಕಾರಣವೇ ಇಷ್ಟು ವರ್ಷ ತನ್ನನ್ನು ಕುಟುಕಿದ್ದು ಎಂದು ಚಂದ್ರವ್ವನಿಗೆ ಅಲ್ಲಿ, ಒದ್ದೆ ಕಲ್ಲಿನ ಮೇಲೆ ಕೂತಾಗ ತಿಳಿಯಿತು.

ಮಧ್ಯಾಹ್ನ ಚಂಪಾ ಟ್ರಂಕು ಹೊರಿಸಿಕೊಂಡು ಹೋದಳು. ಚಂದ್ರವ್ವನ ಬಾಗಿಲ ಮುಂದೆ ಅವಳ ಹೆಜ್ಜೆ ಒಂದು ಕ್ಷಣ ನಿಂತು, ಮುಂದೆ ಹೋಯಿತು. ಚಂದ್ರವ್ವ ಕದ ತೆರೆಯಲಿಲ್ಲ.

ಸಂಜೆ ಅವಳು ಕಟ್ಟೆಯಿಂದ ತಂದ ಕಪ್ಪನ್ನು ಬೂದಿ ಹಚ್ಚಿ ತಿಕ್ಕಿ ತೊಳೆದಳು. ಒರೆಸಿದಳು. ಆಮೇಲೆ ಕಿಟಕಿಯ ಹಲಗೆಯ ಮೇಲೆ, ನಲ್ಲಿಗೆ ಹೋಗಿ ಬರುವ ಭೀಮರಾಯನ ಕಣ್ಣಿಗೆ ದಿನಾ ಬೀಳುವ ಜಾಗದಲ್ಲಿ, ಅದನ್ನು ಬೋರಲಾಗಿಯೇ ಇಟ್ಟಳು.