ಬೆಂಗಳೂರಿನಲ್ಲೇ ಉಳಿದ ತವರಿನ ಸೀರೆ

ಬೆಟಗೇರಿಯ ನಮ್ಮ ಓಣಿಯಲ್ಲಿ ಸೀರೆಯ ಗಂಟು ಕಳಿಸುವುದಕ್ಕೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಬಸ್ಸಿನ ಕಂಡಕ್ಟರನ ಕೈಗೆ ಕೊಟ್ಟರೆ ಆತ ಲಕ್ಷ್ಮೇಶ್ವರದಲ್ಲಿ ಅಡರಕಟ್ಟಿಯ ಬಸ್ಸಿನವನಿಗೆ ದಾಟಿಸುತ್ತಾನೆ, ಗಂಟು ಮನೆ ಮುಟ್ಟುತ್ತದೆ. ವಿಮಾನದವರೂ ಹಾಗೆಯೇ ಎಂದುಕೊಂಡ ಜಾಣ ನಾನು.

ಭೋಪಾಲದಲ್ಲಿರುವ ತಂಗಿಗೆ ಕುಬಸ ಮಾಡಬೇಕಿತ್ತು. ಬಸುರಿ ಮಗಳಿಗೆ ತವರಿನವರೇ ಹಸಿರು ಸೀರೆ ಉಡಿಸುವ ಶಾಸ್ತ್ರ ಅದು. ಪ್ರಯಾಣ ಬೇಡವೆಂದು ಡಾಕ್ಟರು ಅವಳಿಗೆ ಹೇಳಿದ್ದರಿಂದ ಅವ್ವನೂ ನಾನೂ ಅಲ್ಲಿಗೇ ಹೊರಟೆವು. ಸೀರೆಯನ್ನು ಅಪ್ಪ ಬೆನ್ನುನೋವಿನಲ್ಲೂ ತಾನೇ ಮಗ್ಗಕ್ಕೆ ಕೂತು ನೇಯ್ದಿದ್ದ.

ಹುಬ್ಬಳ್ಳಿಯಿಂದ ಬೆಂಗಳೂರಿಗೆ ಒಂದು ಕಂಪನಿಯ ವಿಮಾನ, ಅಲ್ಲಿಂದ ಮುಂದೆ ಇನ್ನೊಂದರದು. ಟಿಕೆಟ್ಟುಗಳೂ ಬೇರೆ ಬೇರೆ. ಸೀರೆಯಿದ್ದ ಬ್ಯಾಗನ್ನು ಹುಬ್ಬಳ್ಳಿಯಲ್ಲೇ ವಿಮಾನದವರಿಗೆ ಒಪ್ಪಿಸಿದ್ದೆವು. ಟಿಕೆಟ್ಟು ಎರಡನ್ನೂ ಮೊಬೈಲಿನಲ್ಲಿ ನಾನೇ ತೆಗೆದಿದ್ದೆ, ಆ ಜಂಬ ಬೇರೆ. ಬೆಂಗಳೂರಿನಲ್ಲಿ ಇಳಿದಾಗ ಜನ ಸಾಮಾನು ಬರುವ ಕಡೆ ನಡೆದರು.

“ನಮ್ಮ ಬ್ಯಾಗ್ ಇಳಿಸ್ಕೋಬೇಕಿಲ್ಲೇನೋ?” ಎಂದಳು ಅವ್ವ.

“ಅದು ಮುಂದ ಬರ್ತೈತಿ ಅವ್ವಾ. ಅವರವರಽ ದಾಟಿಸ್ಕೋತಾರ. ನೀ ಸುಮ್ನ ಚಾ ಕುಡಿ.”

ಭೋಪಾಲದಲ್ಲಿ ಎಲ್ಲರ ಬ್ಯಾಗುಗಳೂ ಬಂದವು, ನಮ್ಮದೊಂದು ಬಿಟ್ಟು. ಕೌಂಟರಿನ ಹುಡುಗಿ ನನ್ನ ಹತ್ತಿರವಿದ್ದ ಬ್ಯಾಗಿನ ಚೀಟಿ ನೋಡಿದಳು. ಇದರಲ್ಲಿ ಬೆಂಗಳೂರು ಅಂತಷ್ಟೇ ಇದೆ, ಟಿಕೆಟ್ ಬೇರೆಯಾದರೆ ನೀವೇ ಅಲ್ಲಿ ಬಿಡಿಸಿಕೊಂಡು ಮತ್ತೆ ನಮಗೆ ಕೊಡಬೇಕಿತ್ತು ಎಂದು ಹಿಂದಿಯಲ್ಲಿ ಹೇಳಿದಳು. ಅವ್ವ ಬೈಯಲಿಲ್ಲ. ಬರಿಗೈಯಲ್ಲಿ ಮಗಳ ಮನೆಗೆ ಹೋಗುವುದು ಹೇಗೆಂದಷ್ಟೇ ಕೇಳಿದಳು. ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು.

ಶಾಸ್ತ್ರ ಅಂದೇ ಸಂಜೆ. ತಂಗಿಯ ಅತ್ತೆ ಮುಂಡರಗಿಯಿಂದ ಮೊದಲೇ ಬಂದಿದ್ದರು. ನೆರೆಯ ಹೆಂಗಸರು ಸೇರುವ ಮೊದಲು ಅವರು ಅವ್ವನನ್ನು ಒಳಗೆ ಕರೆದು, ಯಾವಾಗಲೋ ಅಂಗಡಿಯಲ್ಲಿ ಕೊಂಡಿಟ್ಟಿದ್ದ ಹಸಿರು ಸೀರೆಯೊಂದನ್ನು ಕೈಗಿಟ್ಟರು.

“ಅಕ್ಕಾರ, ಇದು ಮನ್ಯಾಗಿದ್ದದ್ದು. ನಿಮ್ಮ ಕೈಲೇ ಉಡಸ್ರಿ. ಯಾರಿಗೂ ಹೇಳೂದು ಬ್ಯಾಡ.”

ಅವರು ನಾಲ್ಕು ಮಾತು ಆಡಿಕೊಂಡಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಬೀಗರ ಮನೆಯ ಸೀರೆಯನ್ನೇ ತವರಿನದೆಂದು ಉಡಿಸುವಾಗ ಅವ್ವ ತಲೆ ಎತ್ತಲಿಲ್ಲ. ನಾನು ಬಾಗಿಲ ಹಿಂದೆ ನಿಂತಿದ್ದೆ.

ಆರತಿ ಮುಗಿಯುವಷ್ಟರಲ್ಲಿ ಅಪ್ಪ ತಂಗಿಗೆ ವಿಡಿಯೋ ಕಾಲ್ ಮಾಡಿದ. ಅವನಿಗೆ ನಾವು ಏನೂ ತಿಳಿಸಿರಲಿಲ್ಲ. ತಂಗಿ ಮೊಬೈಲನ್ನು ಮುಖದ ಹತ್ತಿರವೇ ಹಿಡಿದುಕೊಂಡಳು.

“ಸೆರಗು ಕಾಣವಲ್ದವಾ. ತುಸು ಕೆಳಗ ಹಿಡಿ.”

“ನೆಟ್‌ವರ್ಕ್ ಬರವಲ್ದಪ್ಪಾ. ಸೀರಿ ಭಾಳ ಛಲೋ ಐತಿ,” ಎಂದು ಕಟ್ ಮಾಡಿದಳು.

ನೆಟ್‌ವರ್ಕ್ ಚೆನ್ನಾಗಿಯೇ ಇತ್ತು. ಅಪ್ಪನ ಮುಂದೆ ಸುಳ್ಳು ಆಡಿ ಗೊತ್ತಿಲ್ಲದವಳು ನನಗಾಗಿ ಆಡಿದ್ದಳು. ಅವಳು ನನ್ನ ಕಡೆ ತಿರುಗುವ ಮೊದಲೇ ನನ್ನ ಜೇಬಿನಲ್ಲಿ ಮೊಬೈಲು ಬಡಿದುಕೊಂಡಿತು. ಅಪ್ಪನದೇ ಕರೆ. ಅದು ನಿಲ್ಲುವವರೆಗೂ ಜೇಬಿನ ಮೇಲೆ ಕೈ ಇಟ್ಟುಕೊಂಡು ನಿಂತಿದ್ದೆ.